ನಂಬಿಕೆಯನ್ನು ಅಳೆಯುವುದು ಬಿಟ್ಟ ಮೇಲೆ

ಬೀದರ ಜಿಲ್ಲೆಯ ಕ್ರೈಸ್ತ ಮನೆಗಳಲ್ಲಿ ಹುಟ್ಟಿದವರಿಗೆ ಯೇಸುವಿನ ಹೆಸರು ಮಾತು ಕಲಿಯುವ ಮೊದಲೇ ಕಿವಿಗೆ ಬಿದ್ದಿರುತ್ತದೆ. ನಮ್ಮ ಮುತ್ಯಾ ನಿಜಾಮರ ಕಾಲದಲ್ಲೇ ಮೆಥಡಿಸ್ಟ್ ಎಂಬ ಪ್ರೊಟೆಸ್ಟಂಟ್ ಸಭೆಗೆ, ಅಂದರೆ ಚರ್ಚಿಗೆ, ಸೇರಿದವರು. ಕೂಸಿದ್ದಾಗಲೇ ನನಗೆ ದೀಕ್ಷಾಸ್ನಾನವಾಯಿತು. ಸಂಡೇ ಸ್ಕೂಲ್, ಕ್ರಿಸ್ಮಸ್ ನಾಟಕ, ಶುಭ ಶುಕ್ರವಾರದ ಉಪವಾಸ, ನವೆಂಬರ್ ಬಂತೆಂದರೆ ತೆಲಂಗಾಣದ ಧಾರೂರಿನ ಕ್ರೈಸ್ತ ಜಾತ್ರೆ, ಎಲ್ಲವನ್ನೂ ನೋಡಿಕೊಂಡೇ ಬೆಳೆದೆ. ಆದರೂ "ಅಕ್ಕಾರ, ನೀವು ಹೊಸದಾಗಿ ಹುಟ್ಟೀರೇನ್ರಿ?" ಎಂದು, ಅಂದರೆ ಯೇಸುವನ್ನು ನೀವೇ ನಂಬಿ ಒಳಗಿನಿಂದ ಹೊಸಬರಾಗಿದ್ದೀರಾ ಎಂದು, ಯಾರಾದರೂ ಕೇಳಿದರೆ ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ. ಹೊರಗಿನಿಂದ ಬಂದವರಿಗಿಂತ ನಮ್ಮಂಥವರಿಗೆ ಈ ಪ್ರಶ್ನೆ ಜಾಸ್ತಿ ಕಷ್ಟ. ಎಲ್ಲಾ ಮೊದಲೇ ಗೊತ್ತಿದೆ ಅನ್ನಿಸಿರುತ್ತದೆ ಅಲ್ವಾ.

ಹೊಸದಾಗಿ ಹುಟ್ಟುವ ಈ ಮಾತನ್ನು ಯೇಸು ಯಾರಿಗೆ ಹೇಳಿದರು ಎಂದು ಗಮನಿಸಿದ ಮೇಲೆ ನನಗೆ ಸ್ವಲ್ಪ ದಾರಿ ಕಂಡಿತು. ಕುಡುಕನಿಗಲ್ಲ, ಕಳ್ಳನಿಗಲ್ಲ. ಬೈಬಲಿನ ಯೋಹಾನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಬರುವ ನಿಕೊದೇಮ ಫರಿಸಾಯ, ಅಂದರೆ ಧರ್ಮನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವ, ಯೆಹೂದ್ಯರ ಹಿರಿಯ, ಊರಿಗೆಲ್ಲ ಶಾಸ್ತ್ರ ಕಲಿಸುವವ. ಇವತ್ತಿನ ಲೆಕ್ಕದಲ್ಲಿ ಸಭೆಯ ಮೊದಲ ಸಾಲಿನಲ್ಲಿ ಕೂರುವವನು. ಅಂಥವನಿಗೇ ಯೇಸು, ಹೊಸದಾಗಿ ಹುಟ್ಟದಿದ್ದರೆ ದೇವರ ರಾಜ್ಯವನ್ನು ಕಾಣಲಾರೆ ಎಂದರು. ಅವನಿಗೆ ಕಮ್ಮಿ ಇದ್ದದ್ದು ಓದಲ್ಲ, ನೇಮವೂ ಅಲ್ಲ.

ಯಾರೂ ತನ್ನನ್ನು ತಾನು ಹೆತ್ತುಕೊಳ್ಳುವುದಿಲ್ಲ. ಇದು ಎಷ್ಟು ಸರಳ ಮಾತು! ಆದರೂ ನಾನು ಬಹಳ ಕಾಲ ಅದನ್ನೇ ಮಾಡಲು ಕೂತಿದ್ದೆ. ನಮ್ಮ ಸೀಮೆಯಲ್ಲಿ ಎಲ್ಲಾ ಧರ್ಮದ ಮನೆಗಳಲ್ಲೂ ಹರಕೆ ಇದೆ. ನಾವೂ ಹರಕೆ ಹೊರುತ್ತೇವೆ, ತೀರಿಸುತ್ತೇವೆ. ಅದರ ಮೇಲೆ ನನಗೆ ದೂರಿಲ್ಲ. ಆದರೆ ಕೊಟ್ಟು ಪಡೆಯುವ ಆ ಅಭ್ಯಾಸ ನನ್ನ ಪ್ರಾರ್ಥನೆಯೊಳಗೂ ಬಂದು ಕೂತಿತ್ತು. ಈಸ್ಟರ್‌ಗೆ ಮುಂಚಿನ 40 ದಿನ ಉಪವಾಸ ಮಾಡಿದರೆ, ದಿನಾ ಇಷ್ಟು ಅಧ್ಯಾಯ ಓದಿದರೆ, ದೇವರು ನನ್ನನ್ನು ಸೇರಿಸಿಕೊಳ್ಳುತ್ತಾರೆ ಎಂದು ಒಳಗೊಳಗೇ ನಂಬಿದ್ದೆ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದ 8 ಮತ್ತು 9ನೇ ವಚನ ಬಾಯಿಪಾಠ ಬರುತ್ತಿತ್ತು. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ಅದು ದೇವರ ವರ, ಯಾರೂ ಹೊಗಳಿಕೊಳ್ಳುವಂತಿಲ್ಲ. ಇದನ್ನೇ ಬೇರೆಯವರಿಗೆ ಹೇಳಿಯೂ ಕೊಡುತ್ತಿದ್ದೆ.

ಕೆಲಸಗಳಿಂದ ಆಗುವುದಿಲ್ಲ ಎಂದು ತಿಳಿದ ಮೇಲೂ ಮನಸ್ಸು ನಿಲ್ಲಲಿಲ್ಲ. ಈಗ ನಂಬಿಕೆಯನ್ನೇ ಒಂದು ಕೆಲಸ ಮಾಡಿಕೊಂಡಿತು. ನಾನು ಸಾಕಷ್ಟು ನಂಬಿದ್ದೇನಾ? ಹೃದಯದಿಂದ ನಂಬಿದೆನೋ, ಸುಮ್ನೆ ಬಾಯಲ್ಲಿ ಹೇಳಿದೆನೋ? ಬೇರೆಯವರು ಅಳುತ್ತಾರೆ, ನನಗೇಕೆ ಅಳು ಬರುವುದಿಲ್ಲ? ಕೂಟ ಮುಗಿಸಿ ಮನೆಗೆ ಬಂದರೂ ಇದೇ ವಿಚಾರ. ಈ ದಾರಿಯಲ್ಲಿ ಬರುವ ಎಷ್ಟೋ ಜನ ಇಲ್ಲಿಯೇ ಸಿಕ್ಕಿಕೊಳ್ಳುವುದನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ನನಗೆ ಸಹಾಯ ಮಾಡಿದ್ದು ತಾಮ್ರದ ಸರ್ಪದ ಕಥೆ. ನಿಕೊದೇಮನ ಜೊತೆ ಮಾತಾಡುವಾಗ ಯೇಸುವೇ ಅದನ್ನು ತೆಗೆದರು. ಬೈಬಲಿನ ಅರಣ್ಯಕಾಂಡ ಪುಸ್ತಕದ 21ನೇ ಅಧ್ಯಾಯದಲ್ಲಿ ಅದು ಪೂರ್ತಿ ಇದೆ. ಇಸ್ರಾಯೇಲ್ಯರು ದೇವರ ಮೇಲೆಯೂ ತಮ್ಮ ನಾಯಕ ಮೋಶೆಯ ಮೇಲೆಯೂ ಗೊಣಗಿದರು. ವಿಷದ ಹಾವುಗಳು ಬಂದು ಕಚ್ಚಿದವು, ಬಹಳ ಜನ ಸತ್ತರು. ದೇವರು ಹೇಳಿದಂತೆ ಮೋಶೆ ತಾಮ್ರದ ಸರ್ಪವೊಂದನ್ನು ಮಾಡಿ ಕಂಬದ ಮೇಲೆ ಎತ್ತಿ ನಿಲ್ಲಿಸಿದ. ಅದರ ಕಡೆ ನೋಡಿದವರು ಬದುಕಿದರು. ಅದೇ ರೀತಿ ನಾನೂ ಎತ್ತಲ್ಪಡಬೇಕು, ನನ್ನನ್ನು ನಂಬುವವರಿಗೆ ನಿತ್ಯಜೀವ ಸಿಗಬೇಕು ಎಂದು ಯೇಸು ನಿಕೊದೇಮನಿಗೆ ಹೇಳಿದರು. ಶಿಲುಬೆಯ ಮಾತು ಅದು. ಯೋಹಾನ 3ರ 16ನೇ ವಚನವನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ, ಅದಕ್ಕೆ ಮುಂಚಿನ 14 ಮತ್ತು 15ನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು.

ನಮ್ಮ ಕಡೆ ತೊಗರಿ ಹೊಲದಲ್ಲಿ ಕೆಲಸ ಮಾಡಿದವರಿಗೆ ಹಾವಿನ ಭಯ ಏನೆಂದು ಹೇಳಿಕೊಡಬೇಕಾಗಿಲ್ಲ. ಕಚ್ಚಿಸಿಕೊಂಡವನು ತನ್ನ ಗಾಯವನ್ನೇ ನೋಡುತ್ತಾನೆ. ಕಾಲು ಎಷ್ಟು ಊದಿತು, ವಿಷ ಎಲ್ಲಿಗೆ ಏರಿತು ಎಂದು. ಸಭೆಯಲ್ಲಿದ್ದ ಒಬ್ಬ ಆಯಿಯ ಹತ್ತಿರ ನನ್ನ ಕಷ್ಟ ಹೇಳಿಕೊಂಡಾಗ ಆಕೆ ಈ ಕಥೆ ಹಿಡಿದೇ ಕೇಳಿದಳು: "ಅಲ್ಲವ್ವ, ನಿನ್ನ ಕಣ್ಣು ಎಷ್ಟು ಛಲೋ ಕಾಣ್ತಾವ ಅಂತ ಅಲ್ಲಿ ಯಾರರ ಕೇಳಿದ್ರೇನು? ಮಂಜುಗಣ್ಣಿನ ಮುದುಕಿ ನೋಡಿದ್ರೂ ಬದುಕಿದ್ಳು. ನೀನು ಸರ್ಪ ಬಿಟ್ಟು ನಿನ್ನ ಕಣ್ಣೇ ನೋಡ್ಕೋತ ಕುಂತಿ."

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನಂಬಿಕೆ ಎಂದರೆ ನೋಡುವುದು. ಬದುಕಿಸಿದ್ದು ನೋಟದ ಬಲವಲ್ಲ, ದೇವರ ಮಾತು. ಯಾಕೋಬನ ಪತ್ರದ 2:19ರಲ್ಲಿ ದೇವರು ಒಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವೆ ಎಂದಿದೆ. ಹಾಗಾದರೆ ದೇವರು ಇದ್ದಾನೆ ಎಂದು ಒಪ್ಪುವುದಷ್ಟೇ ಸಾಲದು. ನನಗೋಸ್ಕರ ಶಿಲುಬೆಯ ಮೇಲೆ ಆ ಕೆಲಸ ಆಗಿದೆ, ನನ್ನ ಪಾಪ ಅಲ್ಲಿ ತೀರಿದೆ ಎಂದು ಆತನ ಮೇಲೆ ಭಾರ ಹಾಕಬೇಕು.

ಆಮೇಲೆ ನಾನು ಮಾಡಿದ್ದು ಇಷ್ಟು. ಪ್ರಾರ್ಥನೆಯಲ್ಲಿ ಸಭೆಯ ಪುಸ್ತಕದ ಕನ್ನಡ ಬಿಟ್ಟೆ, ಮನೆಯಲ್ಲಿ ಅವ್ವನ ಹತ್ತಿರ ಆಡುವ ಮಾತಿನಲ್ಲೇ ಮಾತಾಡಿದೆ. "ಯೇಸಪ್ಪಾ, ನನ್ನ ಕೈಲಿ ಆಗಲ್ಲ. ನೀನು ಮಾಡಿದ್ದು ಸಾಕು. ಅದನ್ನ ನಂದು ಅಂತ ತಗೋತೀನಿ." ಮತ್ತೆ ಅನುಮಾನ ಬಂದಾಗ ನನ್ನೊಳಗೆ ಹುಡುಕಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 5:8 ತೆಗೆದು ಗಟ್ಟಿಯಾಗಿ ಓದಿದೆ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತ ನಮಗಾಗಿ ಪ್ರಾಣ ಕೊಟ್ಟನು. ನಾನು ನೆಟ್ಟಗಾಗಲಿ ಎಂದು ಆತ ಕಾಯಲಿಲ್ಲ. ಅಳು ಬರಲಿಲ್ಲ, ಮೈ ನಡುಗಲಿಲ್ಲ. ಆದರೆ ದೇವರಿಗೆ ಏನೋ ಬಾಕಿ ಇದೆ ಎಂಬ ಹೆದರಿಕೆ ಹೋಯಿತು.

ಭಾವನೆಯ ಬಗ್ಗೆ ತಿಳಿಯಲು ನಮ್ಮ ಮೆಥಡಿಸ್ಟರಿಗೆ, ಈ ಸಭೆಯನ್ನು ಶುರು ಮಾಡಿದ ಜಾನ್ ವೆಸ್ಲಿ ಒಬ್ಬರೇ ಸಾಕು. 1728ರಲ್ಲೇ ಪಾದ್ರಿ ಆಗಿದ್ದರು, ಸುವಾರ್ತೆ ಸಾರಲು ಅಮೆರಿಕದ ಜಾರ್ಜಿಯಾಕ್ಕೂ ಹೋಗಿ ಬಂದಿದ್ದರು. ಆದರೂ ಮನಸ್ಸಿಗೆ ನೆಮ್ಮದಿ ಇರಲಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ, ರೋಮಾಪುರದ ಪತ್ರಕ್ಕೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ ಅವರ ಹೃದಯ ಬೆಚ್ಚಗಾಯಿತು. ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ಅದಾದ ಸ್ವಲ್ಪ ಹೊತ್ತಿಗೇ, ಇದು ನಂಬಿಕೆ ಇರಲಾರದು, ನಿನ್ನ ಸಂತೋಷ ಎಲ್ಲಿ ಎಂದು ಸೈತಾನ ಕೇಳಿದ ಎಂದೂ ಅವರು ದಿನಚರಿಯಲ್ಲಿ ಬರೆದಿದ್ದಾರೆ. ವೆಸ್ಲಿಯವರಿಗೇ ಹಾಗಾದರೆ ನಮಗೆ ಆಗದೇ ಇರುತ್ತದೆಯೇ?

ಹಾಗಾದರೆ ಒಳ್ಳೆಯ ಕೆಲಸ ಬೇಡವೇ ಎಂದು ಕೇಳುವವರಿದ್ದಾರೆ. ಎಫೆಸ 2ರಲ್ಲಿ 9ರ ಪಕ್ಕದಲ್ಲೇ 10 ಇದೆ, ಓದಿ ನೋಡಿ. ಸತ್ಕಾರ್ಯಗಳಿಗಾಗಿಯೇ ನಮ್ಮನ್ನು ಸೃಷ್ಟಿಸಿದ್ದು. ಹೊಲ ಪಾಲಾದ ಮೇಲೆ ನಮ್ಮ ವೈನಿಯ ಜೊತೆ ನನಗೆ ಮಾತಿರಲಿಲ್ಲ. ಮೊದಲಾಗಿದ್ದರೆ ದೇವರು ಮೆಚ್ಚಲಿ ಎಂದು ಹೋಗುತ್ತಿದ್ದೆನೋ ಏನೋ. ಈ ಸಲ ಕ್ಷಮೆ ಸಿಕ್ಕಿದೆ ಎಂದು ಹೋದೆ. ಆಕೆ ತಕ್ಷಣ ಕರಗಲಿಲ್ಲ, ಆದರೆ ಚಹಾ ಇಟ್ಟಳು. ಈಗ ಹೋಗಿ ಬಂದು ಇದ್ದೇವೆ.

ಮತ್ತೆ ದೀಕ್ಷಾಸ್ನಾನ ತಗೊಳ್ಳಿ ಎಂದು ಬೇರೆ ಸಭೆಯವರು ಹೇಳಿದರು. ನಾನು ತೆಗೆದುಕೊಳ್ಳಲಿಲ್ಲ. ಕೂಸಾಗಿ ಏನೂ ಮಾಡಲಾಗದೆ ಅವ್ವನ ಕೈಯಲ್ಲಿದ್ದಾಗ ಸಿಕ್ಕಿದ್ದು ಕೃಪೆಯ ಗುರುತೇ ಎಂದು ನನ್ನ ಮನಸ್ಸು ಒಪ್ಪುತ್ತದೆ. ನಂಬಿದ ಮೇಲೆ ಮುಳುಗಿ ತೆಗೆದುಕೊಂಡವರ ಜೊತೆ ಇದಕ್ಕಾಗಿ ಜಗಳ ಮಾಡುವುದಿಲ್ಲ.

ಮಹಿಳಾ ಕೂಟದಲ್ಲಿ ಈಗ ನನಗೆ ಜಾಸ್ತಿ ಸಿಗುವವರು, ತಾವು ಹೊಸದಾಗಿ ಹುಟ್ಟಿದ ದಿನ ಯಾವುದೆಂದು ಗೊತ್ತಿಲ್ಲ ಎಂದು ಕೊರಗುವವರು. ಅವರಿಗೆ ನಿಕೊದೇಮನನ್ನೇ ಪೂರ್ತಿ ಓದಿಸುತ್ತೇನೆ. ಯೋಹಾನನ 3ನೇ ಅಧ್ಯಾಯದಲ್ಲಿ ರಾತ್ರಿ ಬರುತ್ತಾನೆ, ಪ್ರಶ್ನೆ ಕೇಳುತ್ತಾನೆ. 7ರಲ್ಲಿ ಫರಿಸಾಯರ ಮಧ್ಯೆ ಯೇಸುವಿನ ಪರ ಒಂದು ಮಾತಾಡಿ ಬೈಸಿಕೊಳ್ಳುತ್ತಾನೆ. 19ರಲ್ಲಿ ಯೇಸುವನ್ನು ಹೂಳಲು 30 ಕಿಲೋಗೂ ಜಾಸ್ತಿ ಸುಗಂಧ ದ್ರವ್ಯ ಹೊರಿಸಿಕೊಂಡು ಬರುತ್ತಾನೆ. ಈ ಮೂರರ ನಡುವೆ ಅವನು ಯಾವ ದಿನ ಹೊಸದಾಗಿ ಹುಟ್ಟಿದನೋ ಯೋಹಾನ ಬರೆದಿಲ್ಲ. ಓದಿ ಮುಗಿಸಿದ ಮೇಲೆ ಅವರಿಗೆ ಒಂದೇ ಕೇಳುತ್ತೇನೆ: "ದಿನ ಬಿಡವ್ವ, ಈಗ ಯಾರ ಕಡೆ ನೋಡ್ಲಿಕತ್ತಿ?"