ಒಗ್ಗರಣೆಗೆ ಗಟ್ಟಿಯಾದ ಬ್ರೆಡ್ಡೇ ಸರಿ

ಮುದ್ದೆ, ಅನ್ನ ಉಣ್ಣುವ ಮನೆಗಳಿಗೆ ಬ್ರೆಡ್ಡು ಬರುವುದು ಹೆಚ್ಚಾಗಿ ಜ್ವರದ ಜೊತೆಗೇ. ನಮ್ಮ ಮಂಡ್ಯದ ಕಡೆ ಹುಷಾರಿಲ್ಲದವರನ್ನು ನೋಡಲು ಹೋಗುವವರು ಇವತ್ತಿಗೂ ಒಂದು ಪೌಂಡ್ ಬ್ರೆಡ್ಡು, ನಾಲ್ಕು ಮೂಸಂಬಿ ಹಿಡಿದು ಹೋಗುತ್ತಾರೆ. ಮಲಗಿದವರು ಹಾಲಿಗೆ ಅದ್ದಿಕೊಂಡು ಎರಡು ತುಂಡು ತಿಂದರೆ ಹೆಚ್ಚು. ಜ್ವರ ಬಿಟ್ಟು ಬಾಯಿ ರುಚಿ ಬಂತೋ, ಆಮೇಲೆ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಹಾಗೆ ಮಿಕ್ಕಿದ್ದನ್ನು ನಾನು ಎಸೆಯುವುದಿಲ್ಲ. ಕೆಲವು ಅಡುಗೆಗೆ ನನಗೆ ಹೊಸ ಬ್ರೆಡ್ಡು ಬೇಡವೇ ಬೇಡ.

ಮಿಕ್ಕ ಬ್ರೆಡ್ಡನ್ನು ಹಾಗೇ ತಿನ್ನುವುದಿದ್ದರೆ ಫ್ರಿಜ್ಜಿಗೆ ಇಡಬೇಡಿ. ಬ್ರೆಡ್ಡು ಗಟ್ಟಿಯಾಗುವುದು ನೀರು ಆರಿ ಮಾತ್ರ ಅಲ್ಲ. ಬೆಂದಾಗ ಮೆತ್ತಗಾದ ಪಿಷ್ಟ ಆರಿದ ಮೇಲೆ ಮತ್ತೆ ಬಿಗಿದುಕೊಳ್ಳುತ್ತದೆ. ಫ್ರಿಜ್ಜಿನ ತಂಪಿನಲ್ಲಿ ಆ ಕೆಲಸ ಇನ್ನೂ ಬೇಗ ಆಗುತ್ತದೆ. ಫ್ರೀಜರ್‌ನಲ್ಲಾದರೆ ನಿಲ್ಲುತ್ತದೆ. ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ, ಆದರೆ ಬಿಸಿ ಇರುವಾಗಲೇ ತಿಂದುಬಿಡಬೇಕು. ಬೂಷ್ಟು ಹಿಡಿದಿದ್ದರೆ ಮಾತ್ರ ಪೂರ್ತಿ ಪೌಂಡನ್ನೇ ತಿಪ್ಪೆಗೆ ಹಾಕಿ. ಆ ಭಾಗ ಮಾತ್ರ ಕಿತ್ತು ಉಳಿದಿದ್ದು ತಿನ್ನುವುದು ಬೇಡ, ಬೂಷ್ಟಿನ ಎಳೆ ಕಣ್ಣಿಗೆ ಕಾಣದಂತೆ ಒಳಗೆ ಇಳಿದಿರುತ್ತದೆ. ಹಸುವಿಗೂ ಹಾಕಬಾರದು.

ಬ್ರೆಡ್ ಉಪ್ಪಿಟ್ಟು ಹಲವರ ಮನೆಯಲ್ಲಿ ಅಂಟಂಟಾಗುವುದು ಹೊಸ ಬ್ರೆಡ್ಡಿನಿಂದಲೇ. ಟೊಮೆಟೊ ರಸ ತಾಗಿದ ಕೂಡಲೇ ಅದು ಕರಗಿ ಹಿಟ್ಟಾಗುತ್ತದೆ. ಗಟ್ಟಿ ಬ್ರೆಡ್ಡು ರಸ ಹೀರಿಕೊಂಡೂ ತುಂಡು ತುಂಡಾಗಿ ನಿಲ್ಲುತ್ತದೆ. ಎಂಟು ಸ್ಲೈಸನ್ನು ಅಂಚಿನ ಸಮೇತ ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೆ ಹೆಚ್ಚಿ, ಬಾಣಲೆಯಲ್ಲಿ ಒಂದು ಚಮಚ ತುಪ್ಪ ಹಾಕಿ ಸಣ್ಣ ಉರಿಯಲ್ಲಿ ಹುರಿಯುತ್ತೇನೆ. ಮೂಲೆಗಳು ಕೆಂಪಗಾಗಿ, ಸೌಟು ತಾಗಿದರೆ ಗರಗರ ಸದ್ದು ಬರಬೇಕು. ತೆಗೆದಿಟ್ಟು ಅದೇ ಬಾಣಲೆಗೆ ಎಣ್ಣೆ, ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಕರಿಬೇವು, ಎರಡು ಈರುಳ್ಳಿ. ಆಮೇಲೆ ಎರಡು ಟೊಮೆಟೊ, ಅರಿಶಿನ, ಉಪ್ಪು. ಇಲ್ಲಿ ಅವಸರ ಮಾಡಬಾರದು: ಟೊಮೆಟೊ ನೀರು ಬತ್ತಿ, ಬದಿಯಲ್ಲಿ ಎಣ್ಣೆ ಬಿಡುವವರೆಗೂ ಕಾಯಬೇಕು. ಒಲೆ ಆರಿಸಿದ ಮೇಲೆಯೇ ಬ್ರೆಡ್ಡು ಹಾಕಿ, ತಳದಿಂದ ಮೇಲಕ್ಕೆ ಎರಡು ಸಲ ಎತ್ತಿ ಹಾಕಿದರೆ ಸಾಕು. ಮೇಲೆ ಕೊತ್ತಂಬರಿ, ಅರ್ಧ ನಿಂಬೆಹಣ್ಣು. ಬ್ರೆಡ್ಡಿನಲ್ಲೇ ಉಪ್ಪು ಇರುತ್ತದಾದ್ದರಿಂದ ಉಪ್ಪು ಹಾಕುವಾಗ ಕೈ ಬಿಗಿ ಇರಲಿ.

ಮಕ್ಕಳಿಗೆ ದೋಸೆ ಇಷ್ಟ. ಆರು ಸ್ಲೈಸಿಗೆ ಒಂದು ಲೋಟ ಚಿರೋಟಿ ರವೆ, ಕಾಲು ಲೋಟ ಅಕ್ಕಿ ಹಿಟ್ಟು, ಒಂದು ಲೋಟ ಹುಳಿ ಮೊಸರು. ಸ್ವಲ್ಪ ಹೊತ್ತು ನೆನೆಸಿ, ಬೇಕಾದಷ್ಟು ನೀರು ಹಾಕಿ ರುಬ್ಬಿದರೆ ಹಿಟ್ಟು ರೆಡಿ. ಬ್ರೆಡ್ಡಿನ ಸಕ್ಕರೆಗೆ ದೋಸೆ ಬೇಗ ಕಪ್ಪಾಗುತ್ತದೆ, ಉರಿ ಸಣ್ಣದಿರಲಿ.

ಸಿಹಿಗೆ ನಾನು ಸಕ್ಕರೆ ಮುಟ್ಟುವುದಿಲ್ಲ. ಅಚ್ಚು ಬೆಲ್ಲದ ಊರಿನಲ್ಲಿದ್ದುಕೊಂಡು ಬ್ರೆಡ್ ಹಲ್ವಕ್ಕೆ ಸಕ್ಕರೆ ಯಾಕೆ? ಒಂದು ಲೋಟ ನೀರಿಗೆ ಮುಕ್ಕಾಲು ಲೋಟ ಕುಟ್ಟಿದ ಬೆಲ್ಲ ಹಾಕಿ ಕರಗಿಸಿ, ತಪ್ಪದೆ ಸೋಸುತ್ತೇನೆ. ಮರಳೋ ಕಬ್ಬಿನ ಸಿಪ್ಪೆಯೋ ಇದ್ದರೆ ಜಾಲರಿಯಲ್ಲೇ ಉಳಿಯುತ್ತದೆ. ತುಪ್ಪದಲ್ಲಿ ಹುರಿದು ಪುಡಿ ಮಾಡಿದ ಆರು ಸ್ಲೈಸು ಬ್ರೆಡ್ಡನ್ನು ಆ ಬಿಸಿ ನೀರಿಗೆ ಹಾಕಿ ತಿರುವುತ್ತಾ ಹೋದರೆ ಐದಾರು ನಿಮಿಷದಲ್ಲಿ ತಳ ಬಿಡುತ್ತದೆ. ಏಲಕ್ಕಿ, ಗೋಡಂಬಿ. ಹಾಲು ಬೇಕೆನ್ನುವವರು ಇಳಿಸಿ ಆರಿದ ಮೇಲೆ ಸೇರಿಸಿಕೊಳ್ಳಿ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಭಯ ಇದ್ದೇ ಇದೆ.

ಒಂದೆರಡೇ ಸ್ಲೈಸು ಉಳಿದಾಗ ಬೇಸಿಗೆಯಲ್ಲಾದರೆ ತಾರಸಿಯ ಬಿಸಿಲಿಗೆ, ಮಳೆಗಾಲದಲ್ಲಾದರೆ ಸಣ್ಣ ಉರಿಯ ಕಾವಲಿಗೆ. ಮುರಿದರೆ ಪಟ್ಟೆಂದು ಮುರಿಯುವಷ್ಟು ಒಣಗಿದ ಮೇಲೆ ಮಿಕ್ಸಿಗೆ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡುತ್ತೇನೆ. ಕಟ್ಲೆಟ್ಟಿಗೆ ಹೊರಳಿಸಲು ಎಲ್ಲರೂ ಬಳಸುತ್ತಾರೆ. ನನಗೆ ಅದು ಹೆಚ್ಚು ಒದಗುವುದು ಆಂಬೊಡೆಗೆ: ಬೇಳೆಯ ನೀರು ಸರಿಯಾಗಿ ಬಸಿಯದೆ ಹಿಟ್ಟು ಸಡಿಲವಾದರೆ ಒಂದು ಹಿಡಿ ಪುಡಿ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರಾಯಿತು, ತಟ್ಟಲು ಬರುತ್ತದೆ, ಎಣ್ಣೆಯಲ್ಲಿ ಬಿಚ್ಚಿಕೊಳ್ಳುವುದಿಲ್ಲ.