ಸಂಸ್ಕರಿಸಿದ ಕೊಳಚೆ ಸೇರುವ ನದಿ: ನೀರಿನ ಮಾದರಿ ಹೀಗೆ ತೆಗೆಯಿರಿ

ಶುದ್ಧೀಕರಣ ಘಟಕದಿಂದ ಬರುವ ನೀರು ತಿಳಿಯಾಗಿದ್ದರೆ ಸಾಕು, ಅದರಲ್ಲಿ ಬ್ಯಾಕ್ಟೀರಿಯಾ ಇಲ್ಲವೆಂದೇ ಹಲವರ ಲೆಕ್ಕ. ಕಚ್ಚಾ ಕೊಳಚೆಯ 100 ಮಿ.ಲೀ.ನಲ್ಲಿ 1 ಕೋಟಿ ಇ. ಕೋಲಿ (ಕರುಳಿನಲ್ಲಿದ್ದು ಮಲದೊಂದಿಗೆ ಬರುವ ಬ್ಯಾಕ್ಟೀರಿಯಾ) ಇದ್ದು, ಶೇ 99ರಷ್ಟು ಹೋದರೂ 1 ಲಕ್ಷ ಉಳಿಯುತ್ತದೆ. ಅದನ್ನು ಅಳೆಯಲು ಹೊರಟವರು ಎಡವುವುದು ಹೆಚ್ಚಾಗಿ ನದಿಯ ದಡದಲ್ಲೇ.

1. ಮೂರು ಜಾಗ ಗುರುತಿಸಿ: ಘಟಕದ ನೀರು ನದಿಗೆ ಬೀಳುವ ಕೊಳವೆಗಿಂತ ಮೇಲೆ, ಕೊಳವೆಯ ಬಾಯಲ್ಲಿ, ಕೆಳಗೆ ನೀರು ಪೂರ್ತಿ ಬೆರೆತಲ್ಲಿ. ಕೊಳವೆಯ ನೀರು ಬಹುದೂರ ಒಂದೇ ದಡ ಹಿಡಿದು ಹರಿಯಬಹುದು. ಎಡ, ನಡು, ಬಲ ಮೂರೂ ಕಡೆ ಕಂಡಕ್ಟಿವಿಟಿ ಮೀಟರ್ (ನೀರಿನಲ್ಲಿ ಕರಗಿದ ಲವಣಗಳಿಂದ ವಿದ್ಯುತ್ ಎಷ್ಟು ಹರಿಯುತ್ತದೆಂದು ಅಳೆಯುವ ಸಾಧನ) ಅದ್ದಿ. ಅಂಕಿ ಹೆಚ್ಚುಕಡಿಮೆ ಒಂದೇ ಬರುವವರೆಗೆ ಕೆಳಕ್ಕೆ ನಡೆಯಿರಿ.

2. ಬಾಟಲಿ ತುಂಬುವುದೇ ನಾಜೂಕಿನ ಕೆಲಸ. ಕೆಳಗಿನ ಜಾಗದಿಂದ ಶುರು ಮಾಡಿ ಮೇಲಕ್ಕೆ ಬನ್ನಿ; ಇಲ್ಲವಾದರೆ ನೀವು ಕಲಕಿದ ಕೆಸರು, ಅದರಲ್ಲಿ ಕುಳಿತ ಬ್ಯಾಕ್ಟೀರಿಯಾ ಸಮೇತ, ಮುಂದಿನ ಬಾಟಲಿಗೆ ಸೇರುತ್ತದೆ. ಹರಿವಿಗೆ ಎದುರಾಗಿ ನಿಂತು, ಸ್ಟೆರೈಲ್ ಬಾಟಲಿಯ ಮುಚ್ಚಳವನ್ನು ಕೊನೆಯ ಗಳಿಗೆಯಲ್ಲಿ ತೆಗೆಯಿರಿ. ಮುಚ್ಚಳದ ಒಳಭಾಗ ಮುಟ್ಟಬೇಡಿ, ನೆಲಕ್ಕಿಡಬೇಡಿ. ಬಾಯಿ ಕೆಳಗೆ ಮಾಡಿ ಸುಮಾರು 30 ಸೆಂ.ಮೀ. ಆಳಕ್ಕೆ ಒತ್ತಿ, ಅಲ್ಲಿ ಹರಿವಿನತ್ತ ತಿರುಗಿಸಿ ತುಂಬಿಸಿ. ಮೇಲೆ ಎರಡು ಬೆರಳಷ್ಟು ಖಾಲಿ ಬಿಡಿ. ಪೂರ್ತಿ ತುಂಬಿದರೆ ಕುಲುಕಿ ಬೆರೆಸಲಾಗದು.

ಘಟಕದಲ್ಲಿ ಕ್ಲೋರಿನ್ ಹಾಕುತ್ತಿದ್ದರೆ ಬಾಟಲಿಯಲ್ಲಿ ಮೊದಲೇ ಕ್ಲೋರಿನ್ ಅನ್ನು ನಿಷ್ಕ್ರಿಯಗೊಳಿಸುವ ಸೋಡಿಯಂ ಥಯೋಸಲ್ಫೇಟ್ ಇರಲೇಬೇಕು. 120 ಮಿ.ಲೀ. ಬಾಟಲಿಗೆ ಶೇ 10ರ ದ್ರಾವಣ 0.1 ಮಿ.ಲೀ. ಸಾಕು. ಇಲ್ಲವಾದರೆ ಕ್ಲೋರಿನ್ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾ ಕೊಲ್ಲುತ್ತಾ ಬಂದು, ವರದಿ ಸುಳ್ಳೇ ಚೆನ್ನಾಗಿ ಬರುತ್ತದೆ. ಥಯೋಸಲ್ಫೇಟ್ ಮೊದಲೇ ಇರುವ ಬಾಟಲಿಯನ್ನು ತೊಳೆಯಬೇಡಿ.

3. ಬಿಸಿಲಿಗೆ ಹಿಡಿಯದೆ ಐಸ್ ಪೆಟ್ಟಿಗೆಗೆ ಹಾಕಿ, ಆರು ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿ. ಹೆಪ್ಪುಗಟ್ಟಬಾರದು.

ನೀರು ಕಪ್ಪಾದರೆ ಕೆಟ್ಟದ್ದು ಎನ್ನುವ ಅಗ್ಗದ ಸೀಸೆಗಳನ್ನು ನದಿಗೆ ಕೊಳ್ಳಲೇಬೇಡಿ. ನದಿಯ ನೀರು ಅದರಲ್ಲಿ ಹೇಗೂ ಕಪ್ಪಾಗುತ್ತದೆ. ಬ್ಯಾಕ್ಟೀರಿಯಾ ಎಷ್ಟಿದೆ ಎಂಬುದು ಗೊತ್ತಾಗದು. ಎಣಿಕೆ ಕೊಡುವ ಪರೀಕ್ಷೆಯನ್ನೇ ಕೇಳಿ.

4. ಕರಗಿದ ಆಮ್ಲಜನಕವನ್ನು ಸ್ಥಳದಲ್ಲೇ ಅಳೆಯಿರಿ, ಅದೂ ಸೂರ್ಯೋದಯಕ್ಕೆ ಮುನ್ನ. ಕೊಳಚೆಯ ಸಾರಜನಕ, ರಂಜಕ ತಿಂದು ಬೆಳೆದ ಪಾಚಿ ಹಗಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದನ್ನೇ ಹೀರುತ್ತದೆ. ಮಧ್ಯಾಹ್ನದ ಅಂಕಿ ನಂಬಬೇಡಿ. ಕೊಳವೆಯ ಹತ್ತಿರ ಮಾತ್ರ ನೋಡಿದರೂ ಸಾಲದು: ಸಾವಯವ ಕೊಳೆ ವಿಘಟನೆಯಾಗುತ್ತಾ, ಅಮೋನಿಯ ನೈಟ್ರೇಟ್ ಆಗುತ್ತಾ ಆಮ್ಲಜನಕವನ್ನು ಬಳಸುತ್ತಾ ಹೋಗುವುದರಿಂದ ಅದು ತೀರಾ ಕುಸಿಯುವುದು ಸಾಮಾನ್ಯವಾಗಿ ಇನ್ನೂ ಕೆಳಗೆ. ಒಂದು ಗ್ರಾಂ ಅಮೋನಿಯ ಸಾರಜನಕ ಸುಮಾರು 4.6 ಗ್ರಾಂ ಆಮ್ಲಜನಕ ನುಂಗುತ್ತದೆ.

5. ಅಂದಿನ ಹರಿವನ್ನೂ ಬರೆದಿಡಿ. ನದಿ ಬತ್ತಿದಾಗ ಅದೇ ಕೊಳವೆಯ ನೀರಿಗೆ ಬೆರೆಯಲು ನೀರೇ ಇರದೆ ಬ್ಯಾಕ್ಟೀರಿಯಾದ ಅಂಕಿ ಏರುತ್ತದೆ. ಹರಿವು ಬರೆದಿರದಿದ್ದರೆ ಘಟಕವೇ ಕೆಟ್ಟಿದೆ ಎಂದು ತಪ್ಪು ತಿಳಿಯುತ್ತೀರಿ.