ಅಣಕು ಶಾಸನಸಭೆಗೆ ಮಿಲಿಷಿಯಾ ಸುಧಾರಣಾ ಮಸೂದೆ ಬರೆಯುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಇತಿಹಾಸ ಮತ್ತು ರಾಜ್ಯಶಾಸ್ತ್ರ ಓದುವವರು ಅಣಕು ಶಾಸನಸಭೆಗೆ ನಮ್ಮ ವಿಧಾನಸಭೆಯನ್ನೇ ಮಾದರಿಯಾಗಿ ಇಟ್ಟುಕೊಳ್ಳುವುದು ರೂಢಿ. ಒಮ್ಮೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ 1840ರ ಶಾಸನಸಭೆಯನ್ನು ಆರಿಸಿಕೊಂಡು, ಅಲ್ಲಿನ ನಾಗರಿಕ ಪಡೆಯಾದ ಮಿಲಿಷಿಯಾವನ್ನು ಸುಧಾರಿಸುವ ಮಸೂದೆಯನ್ನು ಬರೆಯಬೇಕೆಂದು ನನ್ನ ಆಗ್ರಹ. ಒಕ್ಕೂಟದಲ್ಲಿ ರಾಜ್ಯದ ಅಧಿಕಾರ ಎಲ್ಲಿ ಮುಗಿಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ವಿಷಯಗಳು ಕಡಿಮೆ.

ಮೊದಲು ಮಸೂದೆ ಮುಟ್ಟಲಾಗದ ಸಂಗತಿಗಳನ್ನು ಗುರುತಿಸಿಕೊಳ್ಳಿ. ಅಮೆರಿಕದ ಸಂವಿಧಾನವು ಮಿಲಿಷಿಯಾವನ್ನು ಸಂಘಟಿಸುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಕೊಟ್ಟು, ಅಧಿಕಾರಿಗಳ ನೇಮಕವನ್ನೂ ತರಬೇತಿಯನ್ನೂ ರಾಜ್ಯಗಳಿಗೆ ಉಳಿಸಿತು. 1792ರ ಕೇಂದ್ರ ಕಾಯಿದೆಯ ಪ್ರಕಾರ 18ರಿಂದ 45 ವರ್ಷದೊಳಗಿನ ದೃಢಕಾಯರಾದ ಸ್ವತಂತ್ರ ಬಿಳಿಯ ಪುರುಷ ನಾಗರಿಕರೆಲ್ಲರೂ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹೆಸರು ನೋಂದಾಯಿಸಿ ಆರು ತಿಂಗಳೊಳಗೆ ಸ್ವಂತ ಖರ್ಚಿನಲ್ಲಿ ಬಂದೂಕು, ಬಯೊನೆಟ್, ಕನಿಷ್ಠ 24 ತೋಟಾ ಹಿಡಿಸುವ ಚೀಲ ಮುಂತಾದವುಗಳನ್ನು ಹೊಂದಿಸಿಕೊಳ್ಳಬೇಕಿತ್ತು. ನೋಂದಣಿಯನ್ನೇ ರದ್ದುಪಡಿಸುವ ಕಲಮನ್ನು ಯಾರಾದರೂ ಮಂಡಿಸಿದರೆ ಸಭಾಧ್ಯಕ್ಷರು ಅದನ್ನು ತಳ್ಳಿಹಾಕಬೇಕು.

ಆದರೆ ಆ ಕಾಯಿದೆ ತಪ್ಪಿದವರಿಗೆ ಶಿಕ್ಷೆಯನ್ನು ವಿಧಿಸಿರಲಿಲ್ಲ. ದಂಡ ಹಾಕುವುದು ರಾಜ್ಯಗಳ ಪಾಲಿನ ಕೆಲಸವಾಗಿತ್ತು. ಸುಧಾರಕರಿಗೆ ದಾರಿ ತೆರೆದದ್ದು ಇಲ್ಲಿಯೇ. ಕವಾಯತಿನ ದಿನ ಉಳ್ಳವರು ದಂಡ ಕಟ್ಟಿ ಮನೆಯಲ್ಲೇ ಉಳಿಯಬಹುದಿತ್ತು, ಕೂಲಿಕಾರನಿಗೆ ಅಂದಿನ ದುಡಿಮೆಯೇ ಹೋಗುತ್ತಿತ್ತು. ಈ ಅನ್ಯಾಯವನ್ನು ಪೀಠಿಕೆಯಲ್ಲಿ ಒತ್ತಿ ಹೇಳಿ, ಶಾಂತಿಕಾಲದ ಕಡ್ಡಾಯ ಕವಾಯತನ್ನು ಕೈಬಿಟ್ಟು, ಸ್ವಯಂಸೇವಕ ದಳಗಳಿಗೆ ಮಾತ್ರ ತರಬೇತಿ ನೀಡುವ ಕಲಮನ್ನು ಬರೆಯಿರಿ. ಮ್ಯಾಸಚೂಸೆಟ್ಸ್ 1840ರಲ್ಲಿ ಹೆಚ್ಚುಕಡಿಮೆ ಇದನ್ನೇ ಮಾಡಿತು. ನ್ಯೂಯಾರ್ಕ್ 1846ರಲ್ಲಿ ಅದೇ ಹಾದಿ ಹಿಡಿಯಿತು.

ಅಧಿಕಾರಿಗಳ ನೇಮಕದ ಭಾಗಕ್ಕೆ ಹೆಚ್ಚು ಸಮಯ ಮೀಸಲಿಡಿ. ದುರ್ಗದ ದಳವಾಯಿಗಳ ಕಥೆ ಕೇಳುತ್ತ ಬೆಳೆದ ನಮಗೆ, ಸಿಪಾಯಿಗಳೇ ಮತ ಹಾಕಿ ಕ್ಯಾಪ್ಟನ್‌ನನ್ನು ಆರಿಸುವುದು ವಿಚಿತ್ರವೆನಿಸಬಹುದು. ಇಲಿನಾಯ್ ರಾಜ್ಯದಲ್ಲಿ 1832ರಲ್ಲಿ ಅಬ್ರಹಾಂ ಲಿಂಕನ್ ಕ್ಯಾಪ್ಟನ್ ಆದದ್ದು ಹೀಗೆಯೇ. ಮ್ಯಾಸಚೂಸೆಟ್ಸಿನಲ್ಲಿ ಈ ಚುನಾವಣೆ ಕೇವಲ ಕಾಯಿದೆಯ ಮಾತಲ್ಲ, 1780ರ ರಾಜ್ಯ ಸಂವಿಧಾನದ ಮಾತು: ದಳದವರು ಕ್ಯಾಪ್ಟನ್ ಮತ್ತು ಅವನ ಕೆಳಗಿನ ಅಧಿಕಾರಿಗಳನ್ನು, ಆ ಅಧಿಕಾರಿಗಳು ರೆಜಿಮೆಂಟಿನ ಮುಖ್ಯರನ್ನು, ಆ ಮುಖ್ಯರು ಬ್ರಿಗೇಡಿಯರನನ್ನು ಆರಿಸುತ್ತಿದ್ದರು, ಮೇಜರ್ ಜನರಲ್‌ನ ಆಯ್ಕೆ ಮಾತ್ರ ಶಾಸನಸಭೆಯದು. ಆದ್ದರಿಂದ 'ಗವರ್ನರ್ ಕ್ಯಾಪ್ಟನ್‌ಗಳನ್ನು ನೇಮಿಸತಕ್ಕದ್ದು' ಎಂದು ಸಾಮಾನ್ಯ ಮಸೂದೆಯಲ್ಲಿ ಬರೆದರೆ ನಿಲ್ಲುವುದಿಲ್ಲ. ಅದಕ್ಕೆ ಸಂವಿಧಾನದ ತಿದ್ದುಪಡಿಯೇ ಬೇಕು. ಮತದಾರರು ಚುನಾವಣೆ ನಡೆಸಲು ನಿರ್ಲಕ್ಷಿಸಿದಾಗ ಮಾತ್ರ ಗವರ್ನರ್ ತಮ್ಮ ಮಂಡಳಿಯ ಸಲಹೆಯಂತೆ ಆ ಸ್ಥಾನವನ್ನು ತುಂಬಬಹುದಿತ್ತು.

ವಜಾ ಮಾಡುವ ವಿಷಯ ಬೇರೆ. ಮೊದಲಿಗೆ ಎರಡೂ ಸದನಗಳ ಮನವಿ ಅಥವಾ ಸೇನಾ ನ್ಯಾಯಾಲಯದ ವಿಚಾರಣೆ ಇಲ್ಲದೆ ಅಧಿಕಾರಿಯನ್ನು ತೆಗೆಯುವಂತಿರಲಿಲ್ಲ. 1821ರ ತಿದ್ದುಪಡಿ ಆ ವಿಧಾನವನ್ನು ಗೊತ್ತುಪಡಿಸುವ ಅಧಿಕಾರವನ್ನು ಶಾಸನಸಭೆಗೆ ಒಪ್ಪಿಸಿತು. ಅದೇ ವರ್ಷದ ಇನ್ನೊಂದು ತಿದ್ದುಪಡಿಯಿಂದ 21 ತುಂಬದ ಸಿಪಾಯಿಗಳಿಗೂ ಕ್ಯಾಪ್ಟನ್ ಚುನಾವಣೆಯಲ್ಲಿ ಮತ ಸಿಕ್ಕಿತು. ಅಸಮರ್ಥ ಅಧಿಕಾರಿಯನ್ನು ಕೈಬಿಡುವ ಕಲಮನ್ನು ಧೈರ್ಯವಾಗಿ ಬರೆಯಿರಿ. ಚರ್ಚೆ ನಿಜವಾಗಿ ಕಾವೇರುವುದು ಇಲ್ಲಿ.

ಕೊನೆಗೆ ನೇಮಕ ಪತ್ರದ ನಮೂನೆಯನ್ನು ಅನುಬಂಧವಾಗಿ ಸೇರಿಸಿ. ಪತ್ರ ರಾಜ್ಯದ ಹೆಸರಿನಲ್ಲಿರಬೇಕು. ಗವರ್ನರ್ ಸಹಿ, ಕಾರ್ಯದರ್ಶಿಯ ದೃಢೀಕರಣ, ರಾಜ್ಯದ ಮುದ್ರೆ ಮೂರೂ ಬೇಕು. ದಿನಾಂಕವನ್ನು ಎಚ್ಚರದಿಂದ ತುಂಬಿರಿ, ಏಕೆಂದರೆ 1792ರ ಕಾಯಿದೆಯಂತೆ ಹಿರಿತನ ನಿರ್ಧಾರವಾಗುತ್ತಿದ್ದದ್ದು ಅದರಿಂದಲೇ. ಒಂದೇ ದರ್ಜೆಯ ಇಬ್ಬರ ಪತ್ರಗಳಲ್ಲಿ ಒಂದೇ ದಿನಾಂಕವಿದ್ದರೆ ಅವರು ಮೇಲಧಿಕಾರಿಯ ಎದುರು ಚೀಟಿ ಎತ್ತಿ ಹಿರಿಯರು ಯಾರೆಂದು ತೀರ್ಮಾನಿಸಿಕೊಳ್ಳಬೇಕಿತ್ತು.